ತದಡಿಯ ತಿಮ್ಮಿ

ರತ್ನಾಗಿರಿ
15 ಆಗಸ್ಟ್ 2005

ಪ್ರೀತಿಯ ನಾಗು,

ನಾನು ಕ್ಷೇಮ. ನೀನೂ ಅಂಕಿತಾಳೂ ಕ್ಷೇಮವೆಂದು ನಂಬಿದ್ದೇನೆ. ಮೀನಿನ ಹಂಗಾಮು ಶುರುವಾಗಿದೆ. ಸಿಗಡಿಗೆ ಐಸು ಹಾಕಿಸಿ ಪೆಟ್ಟಿಗೆ ಮುಚ್ಚಿಸುವಷ್ಟರಲ್ಲಿ ಕೈ ಮರಗಟ್ಟಿ ಹೋಗುತ್ತದೆ. ಈ ಸಲ ಚೌತಿಗೆ ರಜೆ ಕೊಡುವುದಿಲ್ಲ ಎಂದು ಮ್ಯಾನೇಜರ್ ಈಗಲೇ ಹೇಳಿಬಿಟ್ಟಿದ್ದಾನೆ.

ನಿನ್ನೆ ಭಾನುವಾರ ಎಸ್‌ಟಿಡಿ ಬೂತಿಗೆ ಹೋಗಿ ನಿನಗೆ ಮೂರು ಸಲ ಫೋನ್ ಮಾಡಿದೆ. ಹತ್ತು ಗಂಟೆಗೆ ಎಂಗೇಜ್. ಹತ್ತೂಕಾಲಿಗೆ ಎಂಗೇಜ್. ಚಹಾ ಕುಡಿದು ಬಂದು ಹತ್ತೂವರೆಗೆ ಮಾಡಿದೆ, ಆಗಲೂ ಎಂಗೇಜ್. ಬೂತಿನವನು ನಕ್ಕು, "ಅತ್ತಿಗೆ ತುಂಬಾ ಬಿಜಿ ಇದ್ದಾರೆ" ಎಂದು ಮರಾಠಿಯಲ್ಲಿ ಹೇಳಿದ. ಹೋದ ಭಾನುವಾರವೂ ಹೀಗೇ ಆಗಿತ್ತು. ಆಗ ನಾನು ಬರೆಯಲಿಲ್ಲ, ಅಷ್ಟೇ.

ನರೇಶ ನಿನಗೆ ಮೊಬೈಲು ಕೊಟ್ಟದ್ದು ಸಂತೋಷವೇ. ತಂಗಿ ಒಬ್ಬಳೇ ಇರುತ್ತಾಳೆ ಎಂದು ಅಣ್ಣ ಕೊಟ್ಟ. ನಮ್ಮ ಅಮ್ಮ ತೀರಿಹೋದಮೇಲೆ ಆ ಮನೆಯಲ್ಲಿ ನೀವಿಬ್ಬರೇ ಇರುವುದು ನನಗೂ ಚಿಂತೆಯೇ. ಆದರೆ ಭಟ್ಕಳದಲ್ಲಿರುವ ಅಣ್ಣನ ಹತ್ತಿರ ಅರ್ಧ ತಾಸು ಮಾತಾಡುವುದು ಎಂತ ಇರುತ್ತದೆ? ನಾನು ಕೇಳುತ್ತಿರುವುದು ಸುಮ್ಮನೆ. ಬರೆಯಲು ಮನಸ್ಸಿದ್ದರೆ ಬರೆ.

ಅಂಕಿತಾಗೆ ಅಪ್ಪನ ಮುತ್ತು.

ನಿನ್ನ
ಮಾದೇವ


ಮಂಕಿ
22 ಆಗಸ್ಟ್ 2005

ಇವರಿಗೆ ನಾಗು ಮಾಡುವ ನಮಸ್ಕಾರಗಳು.

ನಿಮ್ಮ ಪತ್ರ ಶನಿವಾರ ಬಂತು. ಚೌತಿಗೆ ಬರುವುದಿಲ್ಲ ಎಂದು ಓದಿದಾಗ ಅಂಕಿತಾ ಪಕ್ಕದಲ್ಲೇ ಇದ್ದಳು. ಅವಳಿಗೆ ಇನ್ನೂ ಹೇಳಿಲ್ಲ.

ಫೋನು ಎಂಗೇಜ್ ಬಂದದ್ದಕ್ಕೆ ನೀವು ಬೇಜಾರು ಮಾಡಿಕೊಳ್ಳಬೇಡಿ. ಅದರ ಸಿಗ್ನಲ್ಲೇ ಹಾಗೆ. ಹೊನ್ನಾವರದ ಟವರಿನಿಂದ ನಮ್ಮಲ್ಲಿಗೆ ಬರುವಷ್ಟರಲ್ಲಿ ಸೋತುಹೋಗುತ್ತದಂತೆ. ಬಾವಿಕಟ್ಟೆಯ ಮೂಡಣ ಮೂಲೆಯಲ್ಲಿ ನಿಂತರೆ ಮಾತ್ರ ಎರಡು ಗೆರೆ ಕಾಣುತ್ತದೆ. "ಸಿಗ್ನಲ್ ಇಲ್ದೆ ಇದ್ರೂ ಕೆಲವು ಸಲ ಎಂಗೇಜ್ ಅಂತ ಹೇಳ್ತದೆ" ಎಂದು ಹೈಸ್ಕೂಲಿನ ವಿಜ್ಞಾನದ ಮಾಸ್ತರರು, ಕೃಷ್ಣಾನಂದ ಮಾಸ್ತರರು, ಹೇಳಿದರು. ಫೋನಿನಲ್ಲಿ ಹೆಸರು ಬರೆದಿಡುವುದನ್ನೂ ಅವರೇ ತೋರಿಸಿಕೊಟ್ಟರು. ನಿಮ್ಮ ಬೂತಿನ ನಂಬರಿಗೆ 'ಇವರು' ಎಂದು ಇಟ್ಟಿದ್ದೇನೆ. ಅದನ್ನು ನೋಡಿ ಮಾಸ್ತರರಿಗೆ ನಗು.

ನಾಲ್ಕು ರವಿಕೆ ಹೊಲಿಯಲು ಬಂದಿವೆ. ಮಳೆ ಇನ್ನೂ ಬಿಟ್ಟಿಲ್ಲ. ಮುಂದಿನ ಭಾನುವಾರ ಹನ್ನೆರಡರ ಮೇಲೆ ಮಾಡಿ, ಖಂಡಿತ ಸಿಗುತ್ತೇನೆ.

ಇಂತಿ
ನಾಗು


ರತ್ನಾಗಿರಿ
3 ಸೆಪ್ಟೆಂಬರ್ 2005

ಪ್ರೀತಿಯ ನಾಗು,

ಹನ್ನೆರಡರ ಮೇಲೆ ಮಾಡು ಎಂದು ಬರೆದಿದ್ದೀ. ಹತ್ತು ಗಂಟೆಗೆ ಎಂತಕ್ಕೆ ಬೇಡ ಎಂದು ಬರೆದಿಲ್ಲ. ಇರಲಿ.

ಒಂದು ಮುಖ್ಯ ವಿಷಯ ಹೇಳಬೇಕು. ಇಲ್ಲಿ ಮರಾಠಿ ಪೇಪರಿನಲ್ಲಿ ಮೊಬೈಲಿನ ಬಗ್ಗೆ ಉದ್ದಕ್ಕೆ ಬಂದಿದೆ. ಅದರೊಳಗಿನಿಂದ ಕಣ್ಣಿಗೆ ಕಾಣದ ಕಿರಣ ಬರುತ್ತದಂತೆ. ಕಿವಿಗೆ ಹಿಡಿದರೆ ತಲೆಯ ಒಳಗೆ ಹೋಗುತ್ತದಂತೆ. ಪರದೇಶದ ಡಾಕ್ಟರರು ವಿಚಾರ ಮಾಡುತ್ತಿದ್ದಾರೆ. ಅವರ ವಿಚಾರ ಮುಗಿಯುವವರೆಗೆ ನಾವು ಕಾಯಬೇಕೇ?

ನಾನು ಮೊದಲು ತದಡಿಯ ಐಸ್ ಫ್ಯಾಕ್ಟರಿಯಲ್ಲಿದ್ದಾಗ ಬೊಮ್ಮ ಎಂಬ ಸ್ನೇಹಿತ ಇದ್ದನಲ್ಲ, ಅವನ ತಂಗಿ ತಿಮ್ಮಿಯ ಸುದ್ದಿ ಕೇಳಿ ನನಗೆ ಊಟ ಸೇರಲಿಲ್ಲ. ಅವಳಿಗೂ ಯಾರೋ ಮೊಬೈಲು ಕೊಟ್ಟಿದ್ದರು. ದಿನಾ ತಾಸುಗಟ್ಟಲೆ ಮಾತಾಡುತ್ತಿದ್ದಳು. ಮೊದಲು ಕಿವಿ ಬಿಸಿಯಾಯಿತು, ಆಮೇಲೆ ತಲೆನೋವು, ಈಗ ಎಡಗಿವಿ ಪೂರ್ತಿ ಹೋಗಿದೆ. ಐದು ತಿಂಗಳ ಬಸುರು, ಅದೂ ಇಳಿದುಹೋಯಿತು. ಡಾಕ್ಟರು ಕಾರಣ ಇದೇ ಎಂದರಂತೆ.

ಆದ್ದರಿಂದ ಆ ಫೋನು ಬಂದ್ ಮಾಡಿ ಇಡು. ನಮಗೆ ಪತ್ರವೇ ಸಾಕು. ಮತ್ತೆ, ಫೋನು ಕಲಿಸಲು ಮಾಸ್ತರರು ಮನೆಗೆ ಬರುವುದು ಬೇಡ. ಅವರಿಗೂ ಕೆಲಸ ಇರುತ್ತದೆ.

ನಿನ್ನ
ಮಾದೇವ


ಮಂಕಿ
20 ಸೆಪ್ಟೆಂಬರ್ 2005

ಇವರಿಗೆ ನಾಗು ಮಾಡುವ ನಮಸ್ಕಾರಗಳು.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹಿಂದಿನ ಪತ್ರ ನೋಡಿ, ಇವರಿಗೆ ನನ್ನ ಮೇಲೆ ಏನೋ ಅನುಮಾನ ಎಂದು ಎರಡು ದಿನ ಅತ್ತಿದ್ದೆ. ಅಷ್ಟು ದೂರದಲ್ಲಿದ್ದು ನನ್ನ ಕಿವಿಯ ಚಿಂತೆ ಮಾಡುವವರ ಮೇಲೆ ಹಾಗೆ ತಿಳಿದುಕೊಂಡೆನಲ್ಲ ಎಂದು ಈಗ ನಾಚಿಕೆ. ಫೋನು ಬಂದ್ ಮಾಡಿ ಹಳೆಯ ಪಂಚೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟಿದ್ದೇನೆ.

ಆದರೆ ಅಷ್ಟಕ್ಕೆ ಮುಗಿಯುವ ಹಾಗಿಲ್ಲ. ಲಿಂಗಪ್ಪನವರ ತೆಂಗಿನ ತೋಟದಲ್ಲಿ ಹೊಸ ಟವರು ಹಾಕುತ್ತಾರಂತೆ. ಗುಂಡಿ ತೋಡಿ ಆಯಿತು. ಅಲ್ಲಿಂದ ಅಂಗನವಾಡಿಗೆ ಮೂವತ್ತು ಹೆಜ್ಜೆ ಇಲ್ಲ, ನಾನೇ ನಡೆದು ನೋಡಿದೆ. ಅಂಕಿತಾ ದಿನಾ ಕೂರುವ ಜಾಗ. ಈಚೆಗೆ ಹಮ್ಮನ ಮನೆ. ಅವಳ ಸೊಸೆ ಲಕ್ಕಿಗೆ ಈಗ ಐದನೇ ತಿಂಗಳು. ಅಂಗೈಯಷ್ಟು ಫೋನು ತಿಮ್ಮಿಗೆ ಅಷ್ಟು ಮಾಡಿದರೆ, ತೆಂಗಿನ ಮರಕ್ಕಿಂತ ಎತ್ತರದ ಕಂಬ ಈ ಮಕ್ಕಳಿಗೆ ಎಂತ ಮಾಡಲಿಕ್ಕಿಲ್ಲ?

ಹಮ್ಮನಿಗೂ ಲಕ್ಕಿಗೂ ತಿಮ್ಮಿಯ ವಿಷಯ ಹೇಳಿದೆ. ಲಕ್ಕಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೇಳಿದಳು. ಆಮೇಲೆ ಕೃಷ್ಣಾನಂದ ಮಾಸ್ತರರನ್ನು ಕಂಡೆ. ಅವರೂ ಟವರಿನ ಬಗ್ಗೆ ಓದುತ್ತಿದ್ದಾರೆ. ಪಂಚಾಯ್ತಿಗೆ ಅರ್ಜಿ ಬರೆದಿದ್ದೇವೆ. ನಲವತ್ತು ಮನೆಗೆ ಹೋಗಿ ಸಹಿ ಮಾಡಿಸಿದೆ. ನಿಮ್ಮ ಪತ್ರ ಬಾರದಿದ್ದರೆ ನನಗೆ ಇಷ್ಟು ಧೈರ್ಯ ಬರುತ್ತಿರಲಿಲ್ಲ.

ಇಂತಿ
ನಾಗು


ರತ್ನಾಗಿರಿ
1 ಅಕ್ಟೋಬರ್ 2005

ನಾಗು,

ನಾನು ಬರೆದದ್ದು ಫೋನಿನ ಬಗ್ಗೆ. ಟವರಿನ ಬಗ್ಗೆ ಅಲ್ಲ. ಅದು ಬೇರೆ, ಇದು ಬೇರೆ.

ಲಿಂಗಪ್ಪನವರು ನಮ್ಮ ಅಪ್ಪನ ಕಾಲದಿಂದ ಬೇಕಾದವರು. ಅವರ ಎದುರು ನಿಲ್ಲುವುದು ಸರಿಯಲ್ಲ. ಅರ್ಜಿ ಕೊಟ್ಟಾಯಿತಲ್ಲ, ಇನ್ನು ಬಿಡು. ನಲವತ್ತು ಮನೆಗೆ ನೀನು ಒಬ್ಬಳೇ ಹೋದೆಯಾ, ಜೊತೆಗೆ ಯಾರಾದರೂ ಇದ್ದರಾ? ತಿಮ್ಮಿಯ ವಿಷಯ ನಿನಗೆ ಮಾತ್ರ ಹೇಳಿದ್ದು. ಊರಿಗೆಲ್ಲ ಹೇಳಬೇಡ, ಪಾಪ, ಅವಳಿಗೂ ಮರ್ಯಾದೆ ಇದೆ.

ಮಾದೇವ


ಮಂಕಿ
25 ಅಕ್ಟೋಬರ್ 2005

ಇವರಿಗೆ ನಾಗು ಮಾಡುವ ನಮಸ್ಕಾರಗಳು.

ಇದರ ಜೊತೆ ಪೇಪರಿನ ತುಂಡು ಇಟ್ಟಿದ್ದೇನೆ. ಮೊದಲು ಅದನ್ನು ನೋಡಿ. ಫೋಟೋದ ಎರಡನೇ ಸಾಲಿನಲ್ಲಿ ನಾನು.

ಹೋದ ಮಂಗಳವಾರ ಗ್ರಾಮಸಭೆ ಇತ್ತು. ಟವರು ಕಂಪನಿಯವನೊಬ್ಬ, ತಾಲ್ಲೂಕಿನಿಂದ ಒಬ್ಬ ಅಧಿಕಾರಿ, ಒಬ್ಬ ಪೇಪರಿನವನು ಬಂದಿದ್ದರು. ಲಿಂಗಪ್ಪನವರು ಎದ್ದು, "ನನ್ ಜಾಗ, ನಾ ಕೊಡ್ತೆ. ನಿಮಗೆಲ್ಲ ಎಂತ ಆತು?" ಎಂದರು. ಕಂಪನಿಯವನು, "ತೊಂದರೆ ಆಗ್ತದೆ ಅಂತ ಎಲ್ಲೂ ಸಾಬೀತಾಗಿಲ್ಲ" ಎಂದ. ಅದಕ್ಕೆ ಮಾಸ್ತರರು, "ಆಗೂದೇ ಇಲ್ಲ ಅಂತಲೂ ಯಾರೂ ಕೊನೇ ಮಾತು ಹೇಳ್ಲಿಲ್ಲ. ಮಕ್ಕಳಿಂದ ಸ್ವಲ್ಪ ದೂರ ಹಾಕಿ. ಹಾಕಿದ ಮೇಲೆ ಎಷ್ಟು ಬರ್ತದೆ ಅಂತ ಅಳೆದು ತೋರಿಸಿ. ನಾವು ಕೇಳೂದು ಅಷ್ಟೇ" ಎಂದರು. ಒಳ್ಳೆಯ ಮಾತು, ಆದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಂದಿನ ಬೆಂಚಿನವರು ಅಡಿಕೆ ಕತ್ತರಿಸುತ್ತ ಕುಳಿತಿದ್ದರು.

ನಾನು ಎದ್ದು ನಿಂತೆ. ಏಕೆ ನಿಂತೆನೋ ಗೊತ್ತಿಲ್ಲ. ತಿಮ್ಮಿಯ ಕತೆ ಹೇಳಿದೆ. ಕಿವಿ ಹೋದದ್ದು, ಬಸುರು ಹೋದದ್ದು. ಕತ್ತರಿಯ ಸದ್ದು ನಿಂತಿತು. ಲಿಂಗಪ್ಪನವರು, "ನೀ ಕಂಡಿದ್ಯಾ ಅವಳ್ನ?" ಎಂದು ಕೇಳಿದರು. ಗಂಡ ಬರೆದದ್ದು ಎಂದರೆ ನಗುತ್ತಾರೆ ಎನಿಸಿತು. "ಕಂಡಿದ್ದೆ" ಎಂದುಬಿಟ್ಟೆ. ನಿಮ್ಮ ಹೆಸರು ತರಲಿಲ್ಲ. ಅದೊಂದು ತಪ್ಪು ಮಾಡಿದೆ, ಬೈಯಬೇಡಿ.

ಸಭೆ ಮುಗಿದಾಗ ಹೆಂಗಸರೆಲ್ಲ ನನ್ನನ್ನು ಸುತ್ತುಗಟ್ಟಿದರು. ಕೆಲಸ ನಿಲ್ಲಿಸಿದ್ದಾರೆ. ಹೋರಾಟ ಸಮಿತಿ ಅಂತ ಮಾಡಿದ್ದೇವೆ, ಮಾಸ್ತರರು ಅಧ್ಯಕ್ಷರು, ನಾನು ಕಾರ್ಯದರ್ಶಿ. ನಗಬೇಡಿ.

ಅಧಿಕಾರಿಗೆ ತಿಮ್ಮಿಯ ಪೂರ್ತಿ ವಿಳಾಸ ಬೇಕಂತೆ. ದಯವಿಟ್ಟು ಬೇಗ ಬರೆದು ಕಳಿಸಿ.

ಇಂತಿ
ನಾಗು


ರತ್ನಾಗಿರಿ
6 ನವೆಂಬರ್ 2005

ನಾಗು,

ಫೋಟೋ ನೋಡಿದೆ. ಇಲ್ಲಿಯವರಿಗೆ ತೋರಿಸಲಿಲ್ಲ.

ಕಪ್ಪು-ಬಿಳುಪಿನಲ್ಲಿ ಇದ್ದರೂ ಅಂಚು ನೋಡಿದರೆ ಗೊತ್ತಾಗುತ್ತದೆ, ಅದು ನೀಲಿ ಸೀರೆ. ಹೋದ ವರ್ಷ ನಾನು ತಂದದ್ದು. "ನೀವು ಬಂದಾಗ ಉಡುತ್ತೇನೆ" ಎಂದು ನೀನು ಎತ್ತಿಟ್ಟಿದ್ದೆ. ಅದನ್ನು ಗ್ರಾಮಸಭೆಗೆ ಉಟ್ಟೆ.

ಮಾಸ್ತರರ ಕೈ ನಿನ್ನ ಕುರ್ಚಿಯ ಬೆನ್ನಿನ ಮೇಲಿದೆ. ಕುರ್ಚಿಯ ಮೇಲಷ್ಟೇ ಇದೆಯೋ, ಇನ್ನೂ ಈಚೆಗೆ ಬಂದಿದೆಯೋ ತಿಳಿಯಲಿಲ್ಲ. ಕಂಪನಿಯ ಗುಮಾಸ್ತನ ಭೂತಗನ್ನಡಿ ತಂದು ನೋಡಿದೆ. ಹತ್ತಿರ ಹಿಡಿದಷ್ಟೂ ಚುಕ್ಕೆ ಚುಕ್ಕೆಯಾಗುತ್ತದೆ. ಅವರಿಗೆ ಇನ್ನೂ ಮದುವೆಯಾಗಿಲ್ಲ, ಅಲ್ಲವೇ?

ಟವರಿನಿಂದ ಎಂತದೂ ಆಗುವುದಿಲ್ಲ. ನಮ್ಮ ರೂಮಿನ ಮಾಳಿಗೆಯ ಮೇಲೇ ಒಂದಿದೆ. ಒಂದು ವರ್ಷದಿಂದ ಅದರ ಕೆಳಗೆ ಮಲಗುತ್ತಿದ್ದೇನೆ, ಒಂದು ನೆಗಡಿಯೂ ಬಂದಿಲ್ಲ. ಇದನ್ನು ಬೇಕಾದರೆ ನಿನ್ನ ಸಮಿತಿಯಲ್ಲಿ ಓದು. ಕಾರ್ಯದರ್ಶಿ ಕೆಲಸ ಬಿಡು. ಸಂಜೆ ಸಂಜೆ ಮೀಟಿಂಗಿಗೆ ಹೋದರೆ ಅಂಕಿತಾಳನ್ನು ಯಾರು ನೋಡುತ್ತಾರೆ?

ತಿಮ್ಮಿಯ ವಿಳಾಸ ನನ್ನ ಹತ್ತಿರ ಇಲ್ಲ.

ಮಾದೇವ


ಮಂಕಿ
15 ನವೆಂಬರ್ 2005

ಇವರಿಗೆ ನಮಸ್ಕಾರಗಳು.

ಟವರಿನ ಕೆಳಗೆ ಮಲಗುತ್ತೀರಿ ಎಂದು ಓದಿ ನನ್ನ ಜೀವ ಹಾರಿಹೋಯಿತು. ಮೊದಲು ಆ ರೂಮು ಬಿಡಿ. ಈ ಸಲದ ನಿಮ್ಮ ಪತ್ರ ನಿಮ್ಮದರ ಹಾಗೆ ಇಲ್ಲ. ಸಿಟ್ಟು, ತಲೆಯಲ್ಲಿ ಏನೇನೋ ಬರುವುದು, ಇದೂ ಅದರದ್ದೇ ಇರಬಹುದು. ಒಮ್ಮೆ ಡಾಕ್ಟರರಿಗೆ ತೋರಿಸಿ.

ಕೈ ಕುರ್ಚಿಯ ಮೇಲಿತ್ತು. ಸೀರೆ ಉಟ್ಟದ್ದು, ನಾಲ್ಕು ಜನರ ಎದುರು ನಿಮ್ಮ ಹೆಂಡತಿ ಹರಕು ಸೀರೆಯಲ್ಲಿ ನಿಲ್ಲಬಾರದು ಎಂದು.

ಲಕ್ಕಿ ಹೆದರಿ ತವರಿಗೆ ಹೊರಟಿದ್ದಾಳೆ. ಕೆಲಸ ನಿಂತಿದ್ದರೂ ಟವರಿನ ಕಬ್ಬಿಣ ಬಂದು ಬಿದ್ದಿದೆ, ಅದನ್ನು ನೋಡಿದರೇ ಅವಳಿಗೆ ಹೊಟ್ಟೆ ತೊಳೆಸುತ್ತದಂತೆ. ವಿಳಾಸ ಸಿಗದಿದ್ದರೆ ಬೊಮ್ಮನದ್ದಾದರೂ ಬರೆಯಿರಿ.

ನಾಗು


ಮಂಕಿ
2 ಡಿಸೆಂಬರ್ 2005

ಇವರಿಗೆ,

ಎರಡು ವಾರದಿಂದ ಪತ್ರವಿಲ್ಲ. ಮೈ ಚೆನ್ನಾಗಿದೆಯೇ? ಒಂದು ಗೆರೆ ಬರೆಯಿರಿ. ಹದಿನೈದು ದಿನದೊಳಗೆ ವಿಳಾಸ ಕೊಡದಿದ್ದರೆ ಅರ್ಜಿ ವಜಾ ಮಾಡುತ್ತೇವೆ ಎಂದು ಅಧಿಕಾರಿಯ ಕಾಗದ ಬಂದಿದೆ.

ನಾಗು


ರತ್ನಾಗಿರಿ
12 ಡಿಸೆಂಬರ್ 2005

ನಾಗು,

ನಾನು ಚೆನ್ನಾಗಿದ್ದೇನೆ. ತಿಮ್ಮಿಯ ಗಂಡನಿಗೆ ಗೋವೆಯಲ್ಲಿ ಕೆಲಸವಾಗಿ ಎಲ್ಲರೂ ಹೋಗಿಬಿಟ್ಟಿದ್ದಾರಂತೆ. ನೀನು ತದಡಿಗೆ ಹೋಗಬೇಡ. ಹೋಗಿ ಪ್ರಯೋಜನವಿಲ್ಲ. ಅದೂ ಮಾಸ್ತರರ ಜೊತೆ ಹೋಗುವುದಂತೂ ಬೇಡವೇ ಬೇಡ. ಹೋದರೆ ನಾನು ಸುಮ್ಮನಿರುವುದಿಲ್ಲ.

ಮಾದೇವ


ಮಂಕಿ
28 ಡಿಸೆಂಬರ್ 2005

ಮಾದೇವ ನಾಯ್ಕರಿಗೆ,

ಹೆಸರು ಹಿಡಿದು ಬರೆಯುತ್ತಿದ್ದೇನೆ. ಬೇರೆ ಏನೆಂದು ಕರೆಯಬೇಕೋ ಗೊತ್ತಾಗಲಿಲ್ಲ.

ತದಡಿಗೆ ಹೋಗಿ ಬಂದೆ. ಮಾಸ್ತರರನ್ನು ಕರೆಯಲಿಲ್ಲ, ಹೇಳಲೂ ಇಲ್ಲ. ನಿಮ್ಮ ಮನಸ್ಸಿಗೆ ಕಿರಿಕಿರಿ ಆಗಬಾರದು ಎಂದು ಅಂಕಿತಾಳನ್ನು ಕಟ್ಟಿಕೊಂಡು ಹೋದೆ. ಕುಮಟೆಗೆ ಒಂದು ಬಸ್ಸು, ಅಘನಾಶಿನಿಗೆ ಇನ್ನೊಂದು, ಆಮೇಲೆ ದೋಣಿಯಲ್ಲಿ ದಾಟಿದೆವು. ಅಂಕಿತಾಗೆ ದೋಣಿ ಖುಷಿಯಾಯಿತು.

ಐಸ್ ಫ್ಯಾಕ್ಟರಿಯಲ್ಲಿ ಬೊಮ್ಮ ಸಿಕ್ಕಿದ. ನಿಮ್ಮ ಹೆಸರು ಹೇಳಿದ್ದೇ ಸ್ಟೂಲು ತಂದು ಹಾಕಿದ, ಮಗುವಿಗೆ ಬಿಸ್ಕಿಟು ತರಿಸಿದ. ನಾನು, "ನಿಮ್ಮ ತಂಗಿಯ ವಿಳಾಸ ಬೇಕಿತ್ತು, ತಿಮ್ಮಿಯದ್ದು" ಎಂದೆ. ಅವನು ನನ್ನ ಮುಖ ನೋಡಿದ. "ನಂಗೆ ತಂಗಿ ಎಲ್ಲಿಂದ ಬರ್ಬೇಕು? ನಾಲ್ಕು ಜನವೂ ಗಂಡುಮಕ್ಕಳೇ ನಾವು" ಎಂದ. ಹೆಂಡತಿಯ ತಂಗಿಯೋ, ಚಿಕ್ಕಪ್ಪನ ಮಗಳೋ ಎಂದೆಲ್ಲ ಕೇಳಿದೆ. ಇಲ್ಲ. ಕಿವಿ ಹೋದವಳು ಯಾರೂ ಇಲ್ಲ, ಬಸುರು ಇಳಿದವಳೂ ಇಲ್ಲ. "ಮಾದೇವ ಎಂತಾದ್ರೂ ತಮಾಷೆ ಮಾಡಿರ್ಬೇಕು ಅಕ್ಕಾ" ಎಂದು ನಕ್ಕ. ನಾನೂ ನಕ್ಕೆ. ದೋಣಿ ಹತ್ತುವವರೆಗೂ ನಗುತ್ತಲೇ ಇದ್ದೆ.

ಹಿಂದಿನ ಪತ್ರಗಳನ್ನೆಲ್ಲ ತೆಗೆದು ಸಾಲಾಗಿ ಇಟ್ಟು ಓದಿದೆ. ಎಂಗೇಜ್, ಮಾಸ್ತರರು, ತಿಮ್ಮಿ, ಸೀರೆ. ಎಲ್ಲ ತಿಳಿಯಿತು. ನನ್ನ ಕಿವಿಯ ಚಿಂತೆ ಎಂದು ನಾನು ಓದಿದ್ದು ಬೇರೆಯದೇ ಆಗಿತ್ತು.

ನಾನೂ ಒಂದು ಮುಚ್ಚಿಟ್ಟಿದ್ದೆ, ಅದನ್ನೂ ಹೇಳುತ್ತೇನೆ. ಭಾನುವಾರ ಹತ್ತು ಗಂಟೆಗೆ ಆ ಫೋನಿನಲ್ಲಿ ಮಾತಾಡುತ್ತಿದ್ದವಳು ಲಕ್ಕಿ. ಅವಳ ಗಂಡ ಕುಪ್ಪ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಾನಲ್ಲ, ಅವನು ದಡದಲ್ಲಿರುವುದು ಆ ಒಂದು ಹೊತ್ತು. ಕೇರಿಯವರೆಲ್ಲ ನಮ್ಮ ಬಾವಿಕಟ್ಟೆಗೆ ಬಂದರೆ ನಿಮಗೆ ಸೇರುವುದಿಲ್ಲ ಎಂದು ಬರೆಯಲಿಲ್ಲ. ಬರೆದಿದ್ದರೆ ಚೆನ್ನಾಗಿತ್ತು.

ಲಕ್ಕಿಯ ತವರು ಘಟ್ಟದ ಬುಡದಲ್ಲಿ. ಬಸ್ಸಿನ ರಸ್ತೆಗೆ ಬರಬೇಕಾದರೆ ಒಂದೂವರೆ ತಾಸು ನಡೆಯಬೇಕು. ತದಡಿಯಿಂದ ಬಂದ ಮಾರನೆಯ ದಿನ ಸುದ್ದಿ ಬಂತು. ಎಂಟನೇ ತಿಂಗಳಲ್ಲೇ ನೋವು ಶುರುವಾಗಿದೆ. ಕಂಬಳಿಯ ಜೋಲಿಯಲ್ಲಿ ಹೊತ್ತು ತಂದಿದ್ದಾರೆ. ದಾರಿಯಲ್ಲೇ ಹೆರಿಗೆಯಾಯಿತು. ಗಂಡು. ಅಳಲಿಲ್ಲವಂತೆ.

ಇಲ್ಲಿದ್ದಿದ್ದರೆ ಆಸ್ಪತ್ರೆ ಹತ್ತು ನಿಮಿಷದ ದಾರಿ. ಇಲ್ಲಿದ್ದರೂ ಹೀಗೇ ಆಗುತ್ತಿತ್ತೋ ಏನೋ, ಅದು ನನಗೆ ಗೊತ್ತಿಲ್ಲ. ಅವಳು ಹೋದದ್ದು ಏಕೆ ಎಂಬುದು ಗೊತ್ತಿದೆ. ಇಲ್ಲದ ಹೆಂಗಸಿನ ಇಲ್ಲದ ಕೂಸಿಗೆ ಹೆದರಿ ಹೋದಳು. ನೀವು ಬರೆದಿರಿ, ನಾನು ಅದನ್ನು ಕಂಡಿದ್ದೇನೆ ಎಂದೆ.

ಊರಿನಲ್ಲಿ ಈಗ ಟವರಿನ ಕಬ್ಬಿಣವೇ ಕೂಸನ್ನು ತಿಂದಿತು ಎನ್ನುತ್ತಿದ್ದಾರೆ. ಇನ್ನೂ ಎದ್ದೇ ನಿಲ್ಲದ ಟವರು. ನನ್ನನ್ನು ಕಂಡರೆ ಕೈ ಮುಗಿಯುತ್ತಾರೆ.

ನಾಗು


ರತ್ನಾಗಿರಿ
4 ಜನವರಿ 2006

ನಾಗು,

ನಿನ್ನ ಪತ್ರವನ್ನು ಎರಡು ದಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆ.

ಹೌದು, ತಿಮ್ಮಿ ಇಲ್ಲ. ಬರೆಯುತ್ತ ಬರೆಯುತ್ತ ಹುಟ್ಟಿದಳು. ಮೊದಲು ಬರೀ ಕಿವಿ ನೋವು ಎಂದು ಬರೆದಿದ್ದೆ. ಅಷ್ಟಕ್ಕೆ ನೀನು ಫೋನು ಬಿಡಲಿಕ್ಕಿಲ್ಲ ಎನಿಸಿ ಕಿವುಡು ಮಾಡಿದೆ. ಅದೂ ಸಾಲದು ಎನಿಸಿತು. ಬಸುರು ಸೇರಿಸಿದೆ. ಸೇರಿಸಿದ ಮೇಲೆ ನನಗೆ ಸಮಾಧಾನವಾಗಿ ಚೆನ್ನಾಗಿ ನಿದ್ದೆ ಬಂತು. ಇದನ್ನು ಮುಚ್ಚಿಡಬಾರದು ಎಂದು ಬರೆಯುತ್ತಿದ್ದೇನೆ.

ಆ ಬೂತಿನ ಕಿಟಕಿಯಲ್ಲಿ ನಿಂತು ಎಂಗೇಜ್ ಸದ್ದು ಕೇಳುವುದು ಹೇಗಿರುತ್ತದೆ ಎಂದು ನಿನಗೆ ಗೊತ್ತಿಲ್ಲ. ವಾರವಿಡೀ ಆ ಹೊತ್ತಿಗಾಗಿ ಇರುತ್ತೇನೆ. ನಿನ್ನ ದನಿ ಬೇರೆ ಯಾರದೋ ಕಿವಿಯಲ್ಲಿದೆ ಎನಿಸಿದಾಗ ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗೆ. ಆಮೇಲೆ ಮಾಸ್ತರರ ಹೆಸರು ಬಂತು. ಹೊಟ್ಟೆಕಿಚ್ಚು ಎಂದು ಬರೆಯಲು ಮರ್ಯಾದೆ ಅಡ್ಡ ಬಂತು. ಕಿರಣ ಎಂದು ಬರೆದೆ.

ಹಮ್ಮನಿಗೆ ಹೇಗೆ ಮುಖ ತೋರಿಸಲಿ? ನೀನು ಯಾರಿಗಾದರೂ ಹೇಳಿದ್ದೀಯಾ? ಹೇಳುವುದಾದರೆ ಸ್ವಲ್ಪ ತಾಳು. ಮೇ ತಿಂಗಳಿಗೆ ಬಂದಾಗ ಏನಾದರೂ ಮಾಡೋಣ.

ಮಾದೇವ


ಭಟ್ಕಳ
10 ಫೆಬ್ರವರಿ 2006

ಮಾದೇವ ನಾಯ್ಕರಿಗೆ,

ತಾಳಲಿಲ್ಲ. ಜನವರಿ ಇಪ್ಪತ್ತನಾಲ್ಕಕ್ಕೆ ಮತ್ತೆ ಸಭೆ ಸೇರಿತು. ಅಧಿಕಾರಿ ವಿಳಾಸ ಕೇಳಿದರು. ನಾನು ಎದ್ದು, ತದಡಿಯಲ್ಲಿ ತಿಮ್ಮಿ ಎಂಬವಳು ಇಲ್ಲ, ಆ ಮಾತು ಸುಳ್ಳು, ನಾನು ಯಾರನ್ನೂ ಕಂಡಿಲ್ಲ ಎಂದೆ. ಯಾರೂ ಗದ್ದಲ ಮಾಡಲಿಲ್ಲ. ಲಿಂಗಪ್ಪನವರು ಮಾತ್ರ, "ಬರ್ಕೊಳ್ಳಿ ಸಾಯೇಬ್ರೆ" ಎಂದು ಅಧಿಕಾರಿಗೆ ಹೇಳಿದರು.

ಹೊರಗೆ ಮಾಸ್ತರರು ಸಿಕ್ಕಿದರು. "ನಾನು ಅಳೆದು ತೋರಿಸಿ ಅಂದದ್ದು ನಿಜವಾದ ಪ್ರಶ್ನೆ ಆಗಿತ್ತು. ಇನ್ನು ಹತ್ತು ವರ್ಷ ಈ ಊರಲ್ಲಿ ಆ ಪ್ರಶ್ನೆ ಕೇಳಿದವರಿಗೆಲ್ಲ ತಿಮ್ಮಿ ಹೆಂಗಿದ್ದಾಳೆ ಅಂತ ಕೇಳ್ತಾರೆ" ಎಂದರು. ಅಷ್ಟು ಹೇಳಿ ಹೋದರು. ಆಮೇಲೆ ನನ್ನ ಹತ್ತಿರ ಮಾತಾಡಿಲ್ಲ. ಈ ಸಾಲು ಓದಿ ನಿಮಗೆ ಸಂತೋಷವಾದರೆ ಆಗಲಿ.

ಟವರು ಎದ್ದು ನಿಂತಿದೆ. ಮೇಲೆ ಕೆಂಪು ದೀಪ ಹಾಕಿದ್ದಾರೆ. ಅಂಗನವಾಡಿಯನ್ನು ಶಾಲೆಯ ಖಾಲಿ ಕೋಣೆಗೆ ಒಯ್ಯುತ್ತಾರೆ, ಅಷ್ಟನ್ನು ಮಾಸ್ತರರು ಹಟ ಹಿಡಿದು ಒಪ್ಪಿಸಿದರು. ಅಳೆಯುವವರು ಬರಲಿಲ್ಲ.

ನಾನು ಅಂಕಿತಾಳನ್ನು ಕರೆದುಕೊಂಡು ಅಣ್ಣನ ಮನೆಗೆ ಬಂದಿದ್ದೇನೆ. ಇಲ್ಲಿ ಒಂದು ಟೇಲರ್ ಅಂಗಡಿಯಲ್ಲಿ ಹೊಲಿಗೆಗೆ ಕೂರುತ್ತೇನೆ. ಮಂಕಿಯ ಮನೆಯ ಬೀಗದ ಕೈ ಹಮ್ಮನ ಹತ್ತಿರ ಇದೆ. ಕೊಡಲು ಹೋದಾಗ ಅವಳು ಕೈ ಚಾಚಿದಳು. ನೀವು ಮನೆಗೆ ಬಂದರೆ ಅವಳ ಬಾಗಿಲಿಗೇ ಹೋಗಿ ಕೇಳಿ ತೆಗೆದುಕೊಳ್ಳಬೇಕು. ಹಾಗೆ ಆಗಲಿ ಎಂದೇ ಅಲ್ಲಿ ಕೊಟ್ಟೆ.

ನಾಗು


ಮಂಕಿ
19 ಮಾರ್ಚ್ 2006

ನಾಗು,

ಇದನ್ನು ನಮ್ಮ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಮೇ ತಿಂಗಳವರೆಗೆ ಕಾಯಲು ಆಗಲಿಲ್ಲ. ರಜೆ ಕೊಡದಿದ್ದರೆ ಕೆಲಸ ಬಿಟ್ಟೆ ಎಂದು ಹೇಳಿ ರೈಲು ಹತ್ತಿದೆ.

ಸ್ಟೇಷನ್ನಿನಿಂದ ನಡೆದು ಬರುವಾಗ ಎಲ್ಲರೂ ಕಲ್ಲು ಎತ್ತುತ್ತಾರೆ ಎಂದು ತಿಳಿದಿದ್ದೆ. ಹಾಗಾಗಲಿಲ್ಲ. ಗಂಗಕ್ಕ ಅಂಗಡಿಯಿಂದ ಕರೆದು ಸೋಡಾ ಕೊಟ್ಟಳು. "ನೀ ಆದ್ರೂ ಎಂತ ಮಾಡ್ತೆ, ಪಾಪ" ಎಂದಳು. ನನಗೆ ಅರ್ಥವಾಗಲಿಲ್ಲ.

ಹಮ್ಮ ಅಂಗಳದಲ್ಲಿ ಬಸಳೆ ಚಪ್ಪರ ಕಟ್ಟುತ್ತಿದ್ದಳು. "ಬೀಗದ ಕೈಗೆ ಬಂದ್ಯಾ?" ಎಂದಳು.

"ಹೌದು. ಒಂದು ಮಾತು ಹೇಳೂದೂ ಇದೆ."

"ಅದನ್ನು ನಿನ್ ಹೆಂಡ್ತಿ ಹೇಳಿ ಆತು. ತಾನೇ ಕಟ್ಟಿದ ಕತೆ, ಬೇರೆ ಯಾರದ್ದೂ ತಪ್ಪಲ್ಲ ಅಂತ ಸಭೇಲಿ ಹೇಳಿದ್ಲು. ನಮ್ಮನೆಗೆ ಬಂದು ಲಕ್ಕಿ ಕಾಲು ಹಿಡ್ದೂ ಹೇಳಿದ್ಲು. ಅವಳ ಬದ್ಲಿಗೆ ನೀ ಎಂತಕ್ಕೆ ತಲೆ ತಗ್ಗಿಸ್ತೆ?"

ನಾಗು, ನೀನು ಇದನ್ನು ನನಗೆ ಬರೆದಿರಲಿಲ್ಲ.

ಹಮ್ಮ ಬೀಗದ ಕೈಯನ್ನು ನನ್ನ ಅಂಗೈಯಲ್ಲಿ ಇಟ್ಟಳು. ನಾನು ಅಲ್ಲಿಂದ ತಿರುಗಿ ಬರಬಹುದಿತ್ತು. ಊರಿನಲ್ಲಿ ಒಬ್ಬನಿಗೂ ಗೊತ್ತಿಲ್ಲ. ಬರೋಣ ಎಂದು ಒಂದು ಹೆಜ್ಜೆ ಹಿಂದೆ ಇಟ್ಟದ್ದೂ ನಿಜ. ತವರಿನಿಂದ ಮರಳಿದ್ದ ಲಕ್ಕಿ ಒಳಗಿನಿಂದ ನೀರಿನ ಚೊಂಬು ತಂದು ನನ್ನ ಮುಂದೆ ಇಟ್ಟಳು. ಬಿಸಿಲಲ್ಲಿ ಬಂದವರಿಗೆ ಇಡುವ ಹಾಗೆ. ಆ ನೀರು ಕುಡಿಯಲು ಆಗಲಿಲ್ಲ. ಅಲ್ಲೇ ಕುಕ್ಕರಿಸಿ ಎಲ್ಲ ಹೇಳಿದೆ. ಬೂತು, ಎಂಗೇಜ್, ಮಾಸ್ತರರು, ತಿಮ್ಮಿ.

ಆಮೇಲೆ ಲಕ್ಕಿ ಹೇಳಿದಳು, "ಭಾನುವಾರ ಹತ್ತು ಗಂಟೆಗೆ ನಮ್ಮನೆಯವ್ರು ಒಂದೇ ಮಾತು ಕೇಳ್ತಿದ್ರು. ಕೂಸು ಒದೀತಾ ಅಂತ. ಫೋನು ಬಂದ್ ಆದ್ಮೇಲೆ ಅದನ್ನು ಕೇಳೂಕೂ ಯಾರೂ ಇರ್ಲಿಲ್ಲ." ಅಷ್ಟು ಹೇಳಿ ಚೊಂಬು ಎತ್ತಿಕೊಂಡು ಒಳಗೆ ಹೋದಳು. ಹಮ್ಮ, "ನೀ ಇನ್ ಹೋಗು" ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಮಾರನೆಯ ದಿನ ಪಂಚಾಯ್ತಿಗೆ ಹೋಗಿ ಸುಳ್ಳು ನನ್ನದು ಎಂದು ಬರೆದು ಸಹಿ ಮಾಡಿದೆ. ಬೋರ್ಡಿನ ಮೇಲೆ ಅಂಟಿಸಿದ್ದಾರೆ. ಲಿಂಗಪ್ಪನವರು ಓದಿ ನನ್ನ ಕಡೆ ನೋಡಲಿಲ್ಲ. ಮಾಸ್ತರರು ಪೂರ್ತಿ ಓದಿದರು. ಬೈಯುತ್ತಾರೆ ಎಂದುಕೊಂಡೆ. "ನಾಗಮ್ಮ ಚೆನ್ನಾಗಿದ್ದಾರಾ? ಅವರ ಮೇಲೆ ಸಿಟ್ಟು ಮಾಡಿದ್ದು ತಪ್ಪಾಯ್ತು ಅಂತ ಹೇಳಿ" ಎಂದರು.

ನಿನಗೆ ಸುಳ್ಳು ಬರೆಯುವುದಿಲ್ಲ ಎಂದು ಹೊರಟಿದ್ದೇನೆ, ಆದ್ದರಿಂದ ಇದನ್ನೂ ಬರೆಯುತ್ತೇನೆ. ಅವರ ಬಾಯಲ್ಲಿ ನಿನ್ನ ಹೆಸರು ಕೇಳಿದ್ದೇ ಮತ್ತೆ ಹೊಟ್ಟೆಯಲ್ಲಿ ಅದೇ ಕೆಂಡ. ಅವರು ತಪ್ಪಾಯ್ತು ಎನ್ನುತ್ತಿದ್ದಾರೆ, ನಾನು ಅವರ ಕೈ ನೋಡುತ್ತಿದ್ದೇನೆ. ಇಷ್ಟೆಲ್ಲ ಆದಮೇಲೂ ಹೋಗಿಲ್ಲ. ಹೋಗುತ್ತದೋ ಇಲ್ಲವೋ ಗೊತ್ತಿಲ್ಲ.

ಭಟ್ಕಳಕ್ಕೆ ಬರಲೇ? ಬೇಡ ಎಂದರೆ ಬರುವುದಿಲ್ಲ.

ಮಾದೇವ


ಭಟ್ಕಳ
25 ಮಾರ್ಚ್ 2006

ಇವರಿಗೆ,

ನಿಮ್ಮ ಪತ್ರವನ್ನು ಅಂಗಡಿಯಲ್ಲಿ ಮೆಷಿನ್ನಿನ ಮೇಲೆ ಇಟ್ಟು ಓದಿದೆ. ಸಭೆಯಲ್ಲಿ ನಿಮ್ಮ ಹೆಸರು ಹೇಳದೆ ಇದ್ದದ್ದು ನಿಮ್ಮನ್ನು ಕಾಯಲು ಎಂದು ತಿಳಿಯಬೇಡಿ. ಕಂಡಿದ್ದೇನೆ ಎಂದ ಬಾಯಿ ನನ್ನದು. ಲಕ್ಕಿಗೆ ಹೇಳಿದ ಬಾಯಿಯೂ ನನ್ನದೇ. ನನ್ನ ಪಾಲು ನಾನು ಹೇಳಿದೆ. ನಿಮ್ಮದನ್ನು ನೀವು ಹೇಳುತ್ತೀರೋ ಇಲ್ಲವೋ ಎಂದು ನೋಡುತ್ತಿದ್ದೆ. ಹೇಳದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ.

ಮಾಸ್ತರರ ಹೆಸರು ಬಂದಾಗ ಉರಿಯಿತು ಎಂದು ಬರೆದಿದ್ದೀರಿ. ಓದಿ ಸಿಟ್ಟು ಬಂತು. ಆಮೇಲೆ, ಮದುವೆಯಾದ ಮೇಲೆ ನೀವಾಗಿಯೇ ನನಗೆ ಬರೆದ ನಿಜವಾದ ಸಾಲು ಇದೊಂದೇ ಇರಬೇಕು ಎನಿಸಿತು. ಉರಿ ಇದ್ದರೆ ಇರಲಿ. ಉರಿಯುತ್ತಿದೆ ಎಂದೇ ಬರೆಯಿರಿ. ನನಗೆ ತಡೆದುಕೊಳ್ಳಲು ಆಗುತ್ತದೆ. ಇನ್ನೊಬ್ಬಳ ಹೆಸರಿನಲ್ಲಿ ಬರೆಯಬೇಡಿ.

ಈ ಭಾನುವಾರ ಬೇಡ, ಅದರ ಮುಂದಿನ ಭಾನುವಾರ ಬನ್ನಿ. ಸಂಜೆಯ ಬಸ್ಸಿಗೆ ಹಿಂದೆ ಹೋಗುವ ಹಾಗೆ ಬನ್ನಿ, ಇರುವ ಮಾತು ಆಮೇಲೆ. ಅಣ್ಣನಿಗೆ ಇನ್ನೂ ಸಿಟ್ಟು ಇಳಿದಿಲ್ಲ, ಎರಡು ಮಾತು ಅನ್ನುತ್ತಾನೆ. ಅನ್ನಿಸಿಕೊಳ್ಳಿ. ಅಪ್ಪ ಎಂತಕ್ಕೆ ಇಲ್ಲಿ ಇರುವುದಿಲ್ಲ ಎಂದು ಅಂಕಿತಾ ಕೇಳಿಯೇ ಕೇಳುತ್ತಾಳೆ. ನಾನು ಏನೂ ಹೇಳಿಕೊಟ್ಟಿಲ್ಲ. ಅವಳಿಗೆ ತಿಳಿಯುವ ಹಾಗೆ, ಇದ್ದದ್ದನ್ನು ನೀವೇ ಹೇಳಬೇಕು. ನಾನು ಪಕ್ಕದಲ್ಲಿ ಕೂತು ಕೇಳುತ್ತೇನೆ.

ನಾಗು